ಇಬ್ಬಣ್ಣದ ಅಡುಗೆಮನೆ: ತಪ್ಪು ಕಲ್ಪನೆ ಮತ್ತು ವಾಸ್ತವ

ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಮನೆ ಕೆಲಸಕ್ಕೆ ಕೈಹಾಕುವುದು ನಮ್ಮ ಕಡೆಯ ರೂಢಿ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ, ಯಾವ ದಾರಿ ಹಿಡಿದರೂ ಒಂದಲ್ಲ ಒಂದು ಮನೆಯ ಜಗಲಿಯಲ್ಲಿ ಪ್ಲೈವುಡ್ ಹಾಳೆಗಳು ಗೋಡೆಗೆ ಒರಗಿರುತ್ತವೆ. ಅಂಥ ಮನೆಗಳಲ್ಲಿ ಹೆಚ್ಚು ಚರ್ಚೆಯಾಗುವುದು ಅಡುಗೆಮನೆಯ ಬಗ್ಗೆ. ಕೆಳಗಿನ ಕಪಾಟಿಗೊಂದು ಬಣ್ಣ, ಮೇಲಿನದಕ್ಕೆ ಇನ್ನೊಂದು ಬಣ್ಣ ಎಂಬ ವಿನ್ಯಾಸವನ್ನು ಈಗ ಎಲ್ಲರೂ ಮೊಬೈಲಿನಲ್ಲಿ ನೋಡಿದ್ದಾರೆ, ಹಲವರು ಇಷ್ಟಪಟ್ಟಿದ್ದಾರೆ. ಅದರ ಜೊತೆಗೇ ಕೆಲವು ತಪ್ಪು ತಿಳಿವಳಿಕೆಗಳೂ ಹಬ್ಬಿವೆ. ಬಣ್ಣ ಆರಿಸುವ ಮೊದಲು ನೀರು ಎಲ್ಲಿ ಸಿಡಿಯುತ್ತದೆ, ಹೊಗೆ ಎಲ್ಲಿ ಕೂರುತ್ತದೆ, ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ನೋಡಬೇಕು. ಇಷ್ಟು ನೋಡಿ ಮಾಡಿಸಿದವರ ಅಡುಗೆಮನೆ ಹತ್ತು ಮಳೆಗಾಲ ಕಳೆದರೂ ನೋಡಲು ಚೆನ್ನಾಗಿರುತ್ತದೆ. ನೋಡದೆ ಮಾಡಿಸಿದವರು ಎರಡನೇ ಮಳೆಗಾಲಕ್ಕೇ ಆಚಾರ್ರನ್ನು ಮತ್ತೆ ಕರೆಸಬೇಕಾಗುತ್ತದೆ.

ತಪ್ಪು ಕಲ್ಪನೆ: ಎರಡು ಬಣ್ಣದ ಕಪಾಟು ಹೊರದೇಶದ ಫ್ಯಾಷನ್, ನಮ್ಮ ಕಡೆಯ ಮನೆಗೆ ಹೊಂದುವುದಿಲ್ಲ.

ವಾಸ್ತವ: ಕಪಾಟಿನ ರೂಪದಲ್ಲಿ ಅದು ಹೊರಗಿನಿಂದ ಬಂದಿರಬಹುದು. ಆದರೆ ಕೆಳಗೆ ಗಾಢ, ಮೇಲೆ ತಿಳಿ ಎಂಬ ಲೆಕ್ಕ ನಮ್ಮ ಗೋಡೆಗಳಿಗೆ ಹೊಸದಲ್ಲ. ಹಬ್ಬ ಬಂತೆಂದರೆ ಮನೆಗೆ ಸುಣ್ಣ ಕಾರಣೆ ಆಗಬೇಕು ಎನ್ನುತ್ತಿದ್ದರು. ಗೋಡೆಯ ಮೇಲ್ಭಾಗಕ್ಕೆ ಸುಣ್ಣ, ನೆಲದಿಂದ ಮೊಣಕಾಲೆತ್ತರಕ್ಕೋ ಸೊಂಟದೆತ್ತರಕ್ಕೋ ಕೆಮ್ಮಣ್ಣು. ನೆಲ ಸಾರಿಸುವಾಗ ಸಗಣಿ ನೀರು ಸಿಡಿಯುವುದು, ಮಕ್ಕಳ ಕೈ ತಾಗುವುದು, ಕೂತವರ ಬೆನ್ನು ಒರಗುವುದು ಎಲ್ಲ ಆ ಕೆಳಭಾಗಕ್ಕೇ. ಅಲ್ಲಿ ಕೊಳೆ ಕಾಣದ ಬಣ್ಣ ಬೇಕಿತ್ತು. ಮೇಲ್ಭಾಗ ಸಣ್ಣ ಕಿಟಕಿಯಿಂದ ಬಂದ ಬೆಳಕನ್ನು ಒಳಕ್ಕೆ ಹರಡಬೇಕಿತ್ತು, ಅದಕ್ಕೆ ಸುಣ್ಣದ ಬಿಳುಪು.

ಸೊರಬ, ಸಾಗರ ಸೀಮೆಯ ದೀವರ ಮನೆಗಳ ಹಸೆ ಚಿತ್ತಾರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ. ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ ತೆಗೆಯುತ್ತಾರೆ. ಆದರೂ ಚಿತ್ತಾರ ಎದ್ದು ಕಾಣುವುದು ಕೆಂಪು ಬಿಳುಪಿನ ಜೋಡಿಯಿಂದಲೇ. ಭೂಮಿ ಹುಣ್ಣಿಮೆಗೆ ಸಿದ್ಧವಾಗುವ ಬುಟ್ಟಿಗೂ ಅದೇ ಎರಡು ಬಣ್ಣ. ಇಷ್ಟು ಹತ್ತಿರದಲ್ಲಿ ಇಂಥ ಜೋಡಿಗಳಿರುವಾಗ ಪರದೇಶದ ಚಿತ್ರವನ್ನು ಹಾಗೇ ತಂದು ಕೂರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಬೇಯಿಸಿ ಚೊಗರು ಹಾಕಿ ಒಣಗಿಸಿದ ಕೆಂಪಡಿಕೆಯ ಕಂದುಗೆಂಪು ಕೆಳಗೆ, ಸುಣ್ಣಕ್ಕೆ ಹತ್ತಿರದ ಕೆನೆಬಿಳುಪು ಮೇಲೆ. ನಮ್ಮ ಸೀಮೆಯ ಅಡುಗೆಮನೆಗೆ ಇದಕ್ಕಿಂತ ಒಪ್ಪುವ ಜೋಡಿ ಸಿಗುವುದು ಕಷ್ಟ.

ತಪ್ಪು ಕಲ್ಪನೆ: ಅಡುಗೆಮನೆ ಚಿಕ್ಕದು, ಬರೀ ಬಿಳಿ ಹಾಕಿದರೆ ಮಾತ್ರ ದೊಡ್ಡದಾಗಿ ಕಾಣುತ್ತದೆ.

ವಾಸ್ತವ: ಇಂದಿನ ಅಡುಗೆಮನೆಗಳ ಮೂಲವೆಂದು ಹೆಸರಾದ ಫ್ರಾಂಕ್‌ಫರ್ಟ್ ಅಡುಗೆಮನೆಯನ್ನು ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ ಲಿಹೋಟ್ಸ್ಕಿ 1926ರಲ್ಲಿ ಜರ್ಮನಿಯಲ್ಲಿ ರೂಪಿಸಿದರು. ಅದರ ಅಳತೆ 1.9 ಮೀಟರ್‌ಗೆ 3.4 ಮೀಟರ್, ಅಂದರೆ ಸುಮಾರು 6 ಅಡಿಗೆ 11 ಅಡಿ. ನಮ್ಮ 30-40 ನಿವೇಶನದ ಮನೆಗಳ ಅಡುಗೆಮನೆಯಷ್ಟೇ. ಅಷ್ಟು ಇಕ್ಕಟ್ಟಿನಲ್ಲೂ ಕಪಾಟುಗಳಿಗೆ ಆಕೆ ಕೊಟ್ಟ ಬಣ್ಣ ನೀಲಿ. ನೀಲಿ ಬಣ್ಣದ ಮೇಲೆ ನೊಣ ಕೂರುವುದಿಲ್ಲ ಎಂಬ ಅಂದಿನ ತಿಳಿವಳಿಕೆ ಅದಕ್ಕೆ ಕಾರಣ. ಬಣ್ಣಕ್ಕೊಂದು ಕೆಲಸ ಇರಬೇಕೆಂಬ ಆ ಯೋಚನೆ ನನಗೆ ಇಷ್ಟವಾಗುತ್ತದೆ.

ಕೋಣೆ ಕಿರಿದಾಗಿ ಕಾಣುವುದು ಕಣ್ಣಿನ ಮಟ್ಟದಲ್ಲಿ ಮತ್ತು ಅದರ ಮೇಲೆ ಕತ್ತಲು ಕೂತಾಗ. ಸೊಂಟದ ಕೆಳಗೆ ಗಾಢ ಬಣ್ಣವಿದ್ದರೆ ಅದು ನೆಲದ ಜೊತೆ ಸೇರಿಹೋಗುತ್ತದೆ. ಮೇಲಿನ ಕಪಾಟು ಗೋಡೆಯದೇ ಬಣ್ಣಕ್ಕೆ ಹತ್ತಿರವಿದ್ದರೆ ಗೋಡೆಯೊಳಗೇ ಕರಗಿದಂತೆ ಕಾಣುತ್ತದೆ. ಮೇಲೆ ಗಾಢ, ಕೆಳಗೆ ತಿಳಿ ಎಂದು ತಿರುವುಮುರುವು ಮಾಡುವವರಿದ್ದಾರೆ. ಎತ್ತರದ ತಾರಸಿ, ದೊಡ್ಡ ಕಿಟಕಿ ಇರುವಲ್ಲಿ ಅದೂ ಚೆಂದವೇ. ನಮ್ಮ ಮಳೆಗಾಲದ ಮಧ್ಯಾಹ್ನಗಳಲ್ಲಿ, ಕರೆಂಟು ಹೋದ ಹೊತ್ತಿನಲ್ಲಿ, ತಲೆಯ ಹತ್ತಿರ ಕಪ್ಪು ಕಪಾಟಿದ್ದರೆ ಸಾಸಿವೆ ಡಬ್ಬಿಗೂ ತಡಕಾಡಬೇಕು. ಇಲ್ಲಿಗೆ ಅದು ಬೇಡ ಎಂದೇ ನನ್ನ ಸಲಹೆ.

ಹೆಂಚಿನ ಮನೆಯ ಮಾತು ಬೇರೆ. ಇಳಿಜಾರು ಮಾಡಿನ ಕೆಳಗೆ ಮೇಲಿನ ಕಪಾಟು ಉದ್ದಕ್ಕೂ ಕೂರುವುದಿಲ್ಲ. ಅಲ್ಲಿ ಮೇಲ್ಗಡೆ ತೆರೆದ ಹಲಗೆ ಬಿಟ್ಟು, ಕೆಳಗಿನ ಸಾಲಿಗೊಂದು ಬಣ್ಣ, ಮೂಲೆಯ ಎತ್ತರದ ಕಪಾಟಿಗೊಂದು ಬಣ್ಣ ಕೊಡಬಹುದು. ಸೌದೆ ಒಲೆಯನ್ನೋ ಅಸ್ತ್ರ ಒಲೆಯನ್ನೋ ಅದೇ ಕೋಣೆಯಲ್ಲಿ ಉಳಿಸಿಕೊಂಡವರು ಆ ಗೋಡೆಗೆ ಕಪಾಟನ್ನೇ ಇಡಬಾರದು. ಇಲ್ಲಣ ಎರಡೂ ಬಣ್ಣಗಳನ್ನು ಬೇಗ ಒಂದೇ ಮಾಡಿಬಿಡುತ್ತದೆ.

ತಪ್ಪು ಕಲ್ಪನೆ: ಗಾಢ ಬಣ್ಣ ಕೊಳೆ ತೋರಿಸುವುದಿಲ್ಲ, ಬಿಳಿ ಅರಿಶಿನಕ್ಕೆ ಹಾಳಾಗುತ್ತದೆ.

ವಾಸ್ತವ: ಎರಡೂ ಅರ್ಧ ಸತ್ಯ. ಕಡುನೀಲಿ ಅಥವಾ ಕಪ್ಪು ಬಣ್ಣದ ಹೊಳೆಯುವ ಶಟರ್ ಮೇಲೆ ಬೆರಳಿನ ಗುರುತು, ರೊಟ್ಟಿ ತಟ್ಟುವಾಗ ಹಾರಿದ ಅಕ್ಕಿ ಹಿಟ್ಟು, ಬೋರ್‌ವೆಲ್ ನೀರು ಒಣಗಿ ಉಳಿದ ಬಿಳಿ ಕಲೆ ಎಲ್ಲವೂ ಬಿಳಿಗಿಂತ ಹೆಚ್ಚು ಎದ್ದು ಕಾಣುತ್ತವೆ. ಇಲ್ಲಿ ಬಣ್ಣಕ್ಕಿಂತ ಮೇಲ್ಮೈ ಮುಖ್ಯ. ಕೆಳಗಿನ ಸಾಲಿಗೆ ಹೊಳಪಿಲ್ಲದ ಮ್ಯಾಟ್ ಮೈಕಾ, ಅದರಲ್ಲೂ ಮರದ ಗೆರೆ ಇರುವ ಮಧ್ಯಮ ಕಂದು, ಹಸಿರು, ಬೂದು ಬಣ್ಣಗಳು ಬಹಳ ಕೊಳೆಯನ್ನು ಸಹಿಸಿಕೊಳ್ಳುತ್ತವೆ. ಹೊಳಪು ಬೇಕೆಂದರೆ ಅದನ್ನು ಮೇಲಿನ ಸಾಲಿನ ತಿಳಿ ಬಣ್ಣಕ್ಕೆ ಇಟ್ಟುಕೊಳ್ಳಿ. ಅಲ್ಲಿ ಕೈ ತಾಗುವುದು ಕಡಿಮೆ, ಒಗ್ಗರಣೆಯ ಜಿಡ್ಡು ಕೂತರೂ ನುಣುಪು ಮೇಲ್ಮೈಯಿಂದ ಒಂದು ಒರೆಸಿಗೆ ಬಿಡುತ್ತದೆ.

ಅರಿಶಿನದ ಭಯವೂ ಸ್ವಲ್ಪ ಹೆಚ್ಚೇ. ಒಳ್ಳೆಯ ಮೈಕಾದ ಮೇಲೆ ಬಿದ್ದ ಅರಿಶಿನವನ್ನು ಆಗಲೇ ಸೋಪಿನ ನೀರಿನಲ್ಲಿ ಒರೆಸಿದರೆ ಕಲೆ ನಿಲ್ಲುವುದಿಲ್ಲ. ತಡವಾಗಿ ತಿಳಿ ಹಳದಿ ಉಳಿದರೂ ಬೆಳಕಿಗೆ ಅದು ಮಾಸುತ್ತಾ ಹೋಗುತ್ತದೆ. ಬಟ್ಟೆಗೆ ತಾಗಿದ ಅರಿಶಿನ ಬಿಸಿಲಿಗೆ ಮಾಯವಾಗುವುದನ್ನು ಎಲ್ಲರೂ ಕಂಡಿದ್ದೇವೆ. ನಿಜವಾಗಿ ಅರಿಶಿನ ಹಿಡಿದು ಕೂರುವುದು ಟೈಲ್ಸ್ ನಡುವಿನ ಬಿಳಿ ಸಂದಿಯಲ್ಲಿ. ಆ ಸಂದಿಗೆ ಬೂದು ಬಣ್ಣದ ಗ್ರೌಟ್ ಹಾಕಿಸಿ. ಕಲೆ ತೆಗೆಯಲೆಂದು ಪಾತ್ರೆ ತಿಕ್ಕುವ ಸ್ಟೀಲ್ ನಾರು ಹಿಡಿದರೆ ಮಾತ್ರ ಯಾವ ಬಣ್ಣವೂ ಉಳಿಯುವುದಿಲ್ಲ. ಗೀರು ಬಿದ್ದ ಜಾಗದಲ್ಲಿ ಜಿಡ್ಡು ಕಾಯಂ ಆಗಿ ಸೇರಿಕೊಳ್ಳುತ್ತದೆ.

ಹೆಚ್ಚು ಜನ ಗಮನಿಸದ ಇನ್ನೊಂದು ಜಾಗವಿದೆ: ಒಲೆಯ ಮೇಲ್ಗಡೆ ಇರುವ ಕಪಾಟಿನ ತಳದ ಅಂಚು. ಕುಕ್ಕರಿನ, ಇಡ್ಲಿ ಪಾತ್ರೆಯ ಹಬೆ ನೇರವಾಗಿ ಅಲ್ಲಿಗೇ ಹೊಡೆಯುತ್ತದೆ. ತಿಳಿ ಬಣ್ಣದ ಶಟರ್ ಮೊದಲು ಹಳದಿಯಾಗುವುದು, ಅಂಚಿನ ಪಟ್ಟಿ ಮೊದಲು ಏಳುವುದು ಅಲ್ಲೇ. ಚಿಮಣಿ ಇಲ್ಲದವರು ಒಲೆಯ ನೇರಕ್ಕೆ ಕಪಾಟು ಇಡದೆ, ಎರಡೂ ಪಕ್ಕಕ್ಕೆ ಸರಿಸುವುದು ಒಳ್ಳೆಯದು.

ತಪ್ಪು ಕಲ್ಪನೆ: ಕ್ಯಾಟಲಾಗಿನಲ್ಲಿ ಚೆಂದ ಕಂಡ ಜೋಡಿ ಮನೆಯಲ್ಲೂ ಹಾಗೇ ಕಾಣುತ್ತದೆ.

ವಾಸ್ತವ: ಅಂಗಡಿಯಲ್ಲಿ ನೋಡಿದ ಬಣ್ಣ ಅಂಗಡಿಯ ಬೆಳಕಿನ ಬಣ್ಣ. ನಮ್ಮ ಅಡುಗೆಮನೆಗಳಲ್ಲಿ ಸಾಮಾನ್ಯವಾಗಿ ಉರಿಯುವುದು 6500 ಕೆಲ್ವಿನ್‌ನ ಬೆಳ್ಳಗಿನ ಎಲ್‌ಇಡಿ. ಅದರ ಕೆಳಗೆ ಕೆನೆಬಣ್ಣ ಪೇಲವವಾಗುತ್ತದೆ, ಬೂದು ನೀಲಿಯತ್ತ ಹೊರಳುತ್ತದೆ. 3000 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ಕಂದು, ಕೆಂಪು ಜೀವ ತಳೆಯುತ್ತವೆ, ನೀಲಿ ಮಂಕಾಗುತ್ತದೆ. ಒಂದೇ ಬಣ್ಣವಾದರೆ ಈ ಬದಲಾವಣೆ ಹೆಚ್ಚು ಕಾಡುವುದಿಲ್ಲ. ಎರಡು ಬಣ್ಣ ಅಕ್ಕಪಕ್ಕ ಕೂತಾಗ ಒಂದು ಮಂಕಾಗಿ ಇನ್ನೊಂದು ಮೆರೆದರೆ ಜೋಡಿಯೇ ಒಡೆದುಹೋಗುತ್ತದೆ.

ಆನವಟ್ಟಿ ಸಮೀಪದ ಹಳ್ಳಿಯೊಂದರಲ್ಲಿ ಒಬ್ಬ ಗೃಹಿಣಿ ಇದನ್ನು ಪರೀಕ್ಷಿಸಿದ ಕ್ರಮ ನನಗೆ ಬಹಳ ಹಿಡಿಸಿತು. ಅಂಗಡಿಯಿಂದ ಅಂಗೈಯಗಲದ ಮಾದರಿ ತುಂಡುಗಳನ್ನಷ್ಟೇ ತಂದು ಸುಮ್ಮನಾಗದೆ, ಆಚಾರ್ರ ಬಳಿ ಉಳಿದಿದ್ದ ದೊಡ್ಡ ತುಂಡುಗಳನ್ನೇ ಕೇಳಿ ಪಡೆದಿದ್ದರು. ಹಸಿರು ತುಂಡನ್ನು ಕಟ್ಟೆಯ ಕೆಳಗೆ ನಿಲ್ಲಿಸಿ, ಕೆನೆಬಣ್ಣದ್ದನ್ನು ಗೋಡೆಗೆ ಒರಗಿಸಿ, ನಡುವೆ ಕಪ್ಪು ಗ್ರಾನೈಟಿನ ಚೂರು ಇಟ್ಟರು. ಬೆಳಿಗ್ಗೆ ಕಾಫಿ ಹೊತ್ತಿಗೆ, ಮಧ್ಯಾಹ್ನ ಪಶ್ಚಿಮದ ಕಿಟಕಿಯಿಂದ ಬಿಸಿಲು ಬಂದಾಗ, ರಾತ್ರಿ ದೀಪದಲ್ಲಿ ನೋಡಿದರು. “ಆಚಾರ್ರೇ, ಈ ಹಸಿರು ಸಂಜೆಗೆ ಕಪ್ಪಾಗ್ತದಲ್ಲ” ಎಂದರು. “ಹೌದಕ್ಕಾ, ಕೆಳಗೆ ಕಲ್ಲೂ ಕಪ್ಪು, ನೆರಳೂ ಅದ. ಒಂದು ಮೆಟ್ಟಿಲು ತಿಳಿ ತಗಂಡ್ರೆ ಸರಿಯಾಗ್ತದೆ” ಎಂದರು ಆಚಾರ್ರು. ತಿಳಿಹಸಿರೇ ಕೂತಿತು. ಈಗ ಆ ಅಡುಗೆಮನೆ ಹೊರಗಿನ ತೋಟದ ಮುಂದುವರಿಕೆಯ ಹಾಗಿದೆ.

ಆ ಕಪ್ಪು ಗ್ರಾನೈಟನ್ನು ಅವರು ಮರೆಯಲಿಲ್ಲ ಎಂಬುದು ಮುಖ್ಯ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಕಟ್ಟೆ ಕಲ್ಲು ಮೊದಲೇ ಕೂತಿರುತ್ತದೆ. ಟೈಲ್ಸ್ ಅಂಟಿರುತ್ತದೆ. ಹಳೆಯ ಮನೆಯಾದರೆ ನೆಲಕ್ಕೆ ಕೆಂಪು ಆಕ್ಸೈಡ್ ಹಾಕಿರುತ್ತಾರೆ. ಇವೆಲ್ಲ ಸೇರಿ ಇಬ್ಬಣ್ಣದ ಅಡುಗೆಮನೆಯಲ್ಲಿ ನಾಲ್ಕೈದು ಬಣ್ಣಗಳಾಗಿರುತ್ತವೆ. ಆದ್ದರಿಂದ ಬದಲಾಯಿಸಲಾಗದ್ದನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಿ, ಕಪಾಟಿನ ಎರಡು ಬಣ್ಣಗಳಲ್ಲಿ ಒಂದನ್ನಾದರೂ ಅದರಿಂದಲೇ ಆರಿಸಿ. ಚುಕ್ಕೆ ಇರುವ ಗ್ರಾನೈಟಾದರೆ ಅದರ ಒಂದು ಚುಕ್ಕೆಯ ಬಣ್ಣವೇ ಸಾಕು.

ತಪ್ಪು ಕಲ್ಪನೆ: ಎರಡು ಬಣ್ಣ ಅಂದರೆ ಎರಡು ಪಟ್ಟು ಖರ್ಚು.

ವಾಸ್ತವ: ಒಂದು ಸಣ್ಣ ಲೆಕ್ಕ ಹಾಕೋಣ. ಕೆಳಗಿನ ಕಪಾಟಿನ ಸಾಲು 14 ಅಡಿ ಉದ್ದ, ಶಟರ್ ಎತ್ತರ 27 ಇಂಚು. ಮೇಲಿನ ಸಾಲು 10 ಅಡಿ ಉದ್ದ, ಶಟರ್ ಎತ್ತರ 24 ಇಂಚು. ಮೈಕಾ ಹಾಳೆ ಬರುವುದು 8 ಅಡಿಗೆ 4 ಅಡಿ ಅಳತೆಯಲ್ಲಿ. ಮರದ ಗೆರೆ ಲಂಬವಾಗಿ ಬರುವಂತೆ ಕತ್ತರಿಸಿದರೆ ಒಂದು ಹಾಳೆಯಲ್ಲಿ ಕೆಳಗಿನ ಸಾಲಿನ 12 ಅಡಿ, ಇಲ್ಲವೇ ಮೇಲಿನ ಸಾಲಿನ 16 ಅಡಿ ಸಿಗುತ್ತದೆ. ಹೊರಮೈಗೆ ಒಂದೇ ಬಣ್ಣವಾದರೆ ಅತಿ ಬಿಗಿಯಾಗಿ ಕತ್ತರಿಸಿದಾಗ 2 ಹಾಳೆಗೆ ಮುಗಿಯಬಹುದು. ಎರಡು ಬಣ್ಣವಾದರೆ ಕೆಳಗಿನದಕ್ಕೆ 2, ಮೇಲಿನದಕ್ಕೆ 1, ಒಟ್ಟು 3 ಹಾಳೆ. ಹೆಚ್ಚಾದದ್ದು ಒಂದು ಹಾಳೆ ಮಾತ್ರ. ಪ್ಲೈವುಡ್, ಹಿಂಜ್, ಚಾನೆಲ್, ಕೂಲಿ ಯಾವುದೂ ಬದಲಾಗುವುದಿಲ್ಲ. ಉಳಿದ ತುಂಡನ್ನು ದೇವರ ಕಪಾಟಿಗೋ ಮಕ್ಕಳ ಓದುವ ಮೇಜಿಗೋ ಬಳಸಿದರೆ ಅದೂ ವ್ಯರ್ಥವಲ್ಲ. ಖರ್ಚು ಏರುವುದು ಒಂದು ಸಾಲಿಗೆ ಮೈಕಾ, ಇನ್ನೊಂದಕ್ಕೆ ಅಕ್ರಿಲಿಕ್ ಅಥವಾ ಪಿಯು ಪೇಂಟ್ ಎಂದು ಹೋದಾಗ. ಅಲ್ಲಿ ದುಬಾರಿಯಾಗುವುದು ವಸ್ತು.

ತಪ್ಪು ಕಲ್ಪನೆ: ಹೊರಗಿನ ಮೈಕಾ ಒಳ್ಳೆಯ ಕಂಪನಿಯದಾದರೆ ಸಾಕು.

ವಾಸ್ತವ: ಈ ಒಂದು ನಂಬಿಕೆಯಿಂದ ನಮ್ಮ ಸೀಮೆಯಲ್ಲಿ ಆಗುವಷ್ಟು ನಷ್ಟ ಬೇರೆ ಯಾವುದರಿಂದಲೂ ಆಗುವುದಿಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ಶಿಕಾರಿಪುರದ ಪೂರ್ವಕ್ಕೆ ಹೋದಂತೆ ಮೆಕ್ಕೆಜೋಳದ ಬಯಲು, ಮಳೆ ಕಡಿಮೆ. ಸೊರಬ ದಾಟಿ ಚಂದ್ರಗುತ್ತಿಯತ್ತ ಹೋದಂತೆ ಮಲೆನಾಡು ಗಟ್ಟಿಯಾಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗುವುದೇ ಕಷ್ಟ. ಆ ಥಂಡಿಯಲ್ಲಿ ಎಂಡಿಎಫ್, ಪಾರ್ಟಿಕಲ್ ಬೋರ್ಡಿನ ಕಪಾಟು ಸಿಂಕಿನ ಬಳಿ ಉಬ್ಬಿಕೊಳ್ಳುತ್ತದೆ. ಉಬ್ಬಿದ ಬೋರ್ಡಿನ ಮೇಲೆ ಎಂಥ ಬಣ್ಣವೂ ನಿಲ್ಲುವುದಿಲ್ಲ.

ಪ್ಲೈವುಡ್ ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ಇರುವ ಸಂಖ್ಯೆ ನೋಡಿ. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್, ಐಎಸ್ 710 ಮರೈನ್ ಪ್ಲೈವುಡ್. 710ರ ಅಂಟನ್ನು ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟು ಪರೀಕ್ಷಿಸುತ್ತಾರೆ. ಇಡೀ ಅಡುಗೆಮನೆಗೆ 710 ಹಾಕಲು ಹಣ ಸಾಲದಿದ್ದರೆ ಸಿಂಕಿನ ಕೆಳಗೆ ಮತ್ತು ಕಟ್ಟೆಯ ಕೆಳಗಿನ ಸಾಲಿಗಾದರೂ ಹಾಕಿ, ಮೇಲಿನ ಸಾಲಿಗೆ 303 ಸಾಕು. ಬಣ್ಣ ಎರಡಾದ ಹಾಗೆ ಹಲಗೆಯೂ ಎರಡಾಗಲಿ.

ಶಟರಿನ ಹೊರಗೆ 1 ಮಿಲಿಮೀಟರ್ ಮೈಕಾ ಅಂಟಿಸಿ ಒಳಗಡೆ ಬರೀ ಪೇಂಟ್ ಹೊಡೆದು ಬಿಡುವವರಿದ್ದಾರೆ. ಒಂದು ಮುಖ ಥಂಡಿ ಹೀರಿ ಇನ್ನೊಂದು ಹೀರದಿದ್ದರೆ ಶಟರ್ ಬಿಲ್ಲಿನಂತೆ ಬಾಗುತ್ತದೆ. ಇಬ್ಬಣ್ಣದಲ್ಲಿ ಸಾಲುಗಳ ಗೆರೆ ನೇರವಾಗಿರಬೇಕಾದ್ದರಿಂದ ಈ ಬಾಗು ಇನ್ನಷ್ಟು ಎದ್ದು ಕಾಣುತ್ತದೆ. ಒಳಗಡೆಗೂ ತೆಳು ಲೈನರ್ ಮೈಕಾ ಬೇಕೇ ಬೇಕು, ಅದು ಬಿಳಿಯದಾಗಿರಲಿ. ಜಿರಳೆ, ಒರಲೆಯ ಮಣ್ಣು, ಬೂಸ್ಟು ಮೊದಲ ದಿನವೇ ಕಣ್ಣಿಗೆ ಬೀಳುತ್ತವೆ. ಕಪಾಟನ್ನು ನೆಲಕ್ಕೆ ತಾಗಿಸದೆ 4 ಇಂಚಿನ ಕಾಲುಗಳ ಮೇಲೆ ನಿಲ್ಲಿಸಿ, ಮುಂದೆ ಪಿವಿಸಿ ಸ್ಕರ್ಟಿಂಗ್ ಕೊಡಿಸಿ. ನೆಲ ತೊಳೆದ ನೀರು ಹಲಗೆಗೆ ಏರುವುದಿಲ್ಲ.

ತಪ್ಪು ಕಲ್ಪನೆ: ಹಳೆಯ ಕಡಪ ಕಲ್ಲಿನ ಕಪಾಟು ಒಡೆಯದೆ ಇದು ಸಾಧ್ಯವಿಲ್ಲ. ಮಾಡಿಸುವುದಾದರೆ ಪಟ್ಟಣದ ಕಂಪನಿಯೇ ಬೇಕು.

ವಾಸ್ತವ: ಕಡಪ ಕಲ್ಲಿಗೆ ಒರಲೆ ಹತ್ತುವುದಿಲ್ಲ, ನೀರು ಏನೂ ಮಾಡುವುದಿಲ್ಲ. ಅದನ್ನು ಒಡೆದು ಪ್ಲೈವುಡ್ ಪೆಟ್ಟಿಗೆ ಕೂರಿಸುವುದು ಗಟ್ಟಿಯದನ್ನು ಕೊಟ್ಟು ಮೆತ್ತನೆಯದನ್ನು ಕೊಂಡಂತೆ. ಕಲ್ಲಿನ ಮುಂಬದಿಗೆ ಮರದ ಅಥವಾ ಅಲ್ಯುಮಿನಿಯಂ ಚೌಕಟ್ಟು ಬಿಗಿದು ಅದಕ್ಕೆ ಹಿಂಜ್ ಹಾಕಿ ಶಟರ್ ಕೂರಿಸಿದರೆ ಆಯಿತು. ಕಲ್ಲು ಕಪ್ಪಾದ್ದರಿಂದ ಕೆಳಗಿನ ಸಾಲಿಗೆ ಗಾಢ ಬಣ್ಣ ಆರಿಸಿದರೆ ಸಂದಿಗಳಲ್ಲಿ ಕಲ್ಲಿನ ಅಂಚು ಕಂಡರೂ ಬೇರೆಯಾಗಿ ತೋರುವುದಿಲ್ಲ.

ಇನ್ನು ಕೆಲಸಗಾರರ ಮಾತು. ಸೊರಬ, ಸಾಗರಗಳಲ್ಲಿ ನೆಲೆಸಿದ ಗುಡಿಗಾರರ ಗಂಧದ ಕೆತ್ತನೆ ಬ್ರಿಟಿಷರ ಕಾಲದ ಮೈಸೂರು ಗ್ಯಾಸೆಟಿಯರ್‌ನಲ್ಲೇ ದಾಖಲಾಗಿದೆ. ಮರದ ಕೆಲಸದಲ್ಲಿ ಈ ಸೀಮೆಯ ಕೈಗಳಿಗೆ ಯಾರೂ ಪಾಠ ಹೇಳಬೇಕಿಲ್ಲ. ಹಲಸಿನ ಮರದ ಶಟರನ್ನು ನಮ್ಮ ಆಚಾರ್ರು ಮಾಡಿಕೊಡುವಷ್ಟು ಚೊಕ್ಕವಾಗಿ ಯಾವ ಕಾರ್ಖಾನೆಯೂ ಮಾಡದು. ಹೊಸದರಲ್ಲಿ ಹಳದಿಯಾಗಿರುವ ಹಲಸು ವರ್ಷ ಕಳೆದಂತೆ ಕಂದಾಗುತ್ತದೆ. ಅದಕ್ಕೆ ಜೋಡಿಯಾಗಿ ಪೇಂಟ್ ಆರಿಸುವವರು ಮುಂದೆ ಬರುವ ಆ ಕಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಾರ್ಖಾನೆಯ ಕೆಲಸ ಮೇಲುಗೈ ಪಡೆಯುವುದು ಅಂಚಿನ ಪಟ್ಟಿಯಲ್ಲಿ. ಯಂತ್ರದಲ್ಲಿ ಬಿಸಿ ಅಂಟಿನಿಂದ ಒತ್ತಿದ ಎಡ್ಜ್ ಬ್ಯಾಂಡ್ ಕೈಯಲ್ಲಿ ಅಂಟಿಸಿದ್ದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಹಲಗೆ ಕತ್ತರಿಸಿ ಅಂಚು ಹಾಕಿಸುವುದನ್ನಷ್ಟೇ ಯಂತ್ರವಿರುವಲ್ಲಿ ಮಾಡಿಸಿ, ಜೋಡಣೆಯನ್ನು ಊರಿನ ಆಚಾರ್ರಿಗೆ ಕೊಡಬಹುದು. ಕಪಾಟಿಗೆ ಏನಾದರೂ ಆದಾಗ ಮನೆಗೆ ಬರುವವರು ಅವರೇ.

ತಪ್ಪು ಕಲ್ಪನೆ: ವಾಸ್ತು ಪ್ರಕಾರ ಅಡುಗೆಮನೆಗೆ ಎರಡು ಬಣ್ಣ ಆಗದು.

ವಾಸ್ತವ: ವಾಸ್ತು ನೋಡುವವರು ಸಾಮಾನ್ಯವಾಗಿ ಆಕ್ಷೇಪಿಸುವುದು ಕಪ್ಪು ಬಣ್ಣಕ್ಕೆ. ಮನೆಯ ಹಿರಿಯರಿಗೆ ಅದು ಬೇಡವೆಂದರೆ ಕಪ್ಪು ಬಿಟ್ಟುಬಿಡಿ. ಕೆಂಪು, ಕಂದು, ಹಸಿರು, ಕೆನೆ ಎಷ್ಟೊಂದಿವೆ. ದಿನಾ ಅಲ್ಲಿ ನಿಂತು ಅಡುಗೆ ಮಾಡುವವರ ಇಷ್ಟವನ್ನು ಮಾತ್ರ ಯಾರ ಮಾತಿಗೂ ಬಿಟ್ಟುಕೊಡಬೇಡಿ.

ತಪ್ಪು ಕಲ್ಪನೆ: ಕೆಲಸ ಮುಗಿದ ಮೇಲೆ ಬಣ್ಣದ ಚಿಂತೆ ಇಲ್ಲ, ಬೇಕಾದಾಗ ಅದೇ ಸಿಗುತ್ತದೆ.

ವಾಸ್ತವ: ಮೈಕಾ ಕಂಪನಿಗಳು ಬಣ್ಣಗಳನ್ನು ಬದಲಾಯಿಸುತ್ತಲೇ ಇರುತ್ತವೆ, ಹಳೆಯವನ್ನು ನಿಲ್ಲಿಸುತ್ತವೆ. ಒಂದೇ ಸಂಖ್ಯೆಯ ಹಾಳೆ ಬೇರೆ ಬ್ಯಾಚಿನದಾದರೆ ತುಸು ವ್ಯತ್ಯಾಸ ಬರುವುದುಂಟು. ಇಬ್ಬಣ್ಣದ ಅಡುಗೆಮನೆಯಲ್ಲಿ ಒಂದು ಶಟರ್ ಹಾಳಾಗಿ ಅದರ ಬಣ್ಣ ಸಿಗದಿದ್ದರೆ ಆ ಸಾಲನ್ನೇ ಬದಲಾಯಿಸಬೇಕಾದೀತು. ಹಾಗಾಗಿ ಬೇಕಾದ ಹಾಳೆಗಳನ್ನೆಲ್ಲ ಒಂದೇ ಸಲ ತನ್ನಿ. ಎರಡೂ ಬಣ್ಣದ ಉಳಿಕೆ ತುಂಡುಗಳನ್ನು ಅಟ್ಟದ ಮೇಲೆ ಒಣ ಜಾಗದಲ್ಲಿ ಮಲಗಿಸಿಡಿ. ಹಾಳೆಯ ಹಿಂಬದಿಯಲ್ಲಿರುವ ಕಂಪನಿಯ ಹೆಸರು, ಬಣ್ಣದ ಸಂಖ್ಯೆಗಳನ್ನು ಸಿಂಕಿನಿಂದ ದೂರವಿರುವ ಒಂದು ಶಟರಿನ ಒಳಮೈಯಲ್ಲಿ ಮಾರ್ಕರ್ ಪೆನ್ನಿನಿಂದ ಬರೆದಿಡಿ.